‘ಅವ್ರು’ ಅಂದರೆ ಯಾರು?

ವಿಮಾನ ನಿಲ್ದಾಣದಿಂದ ಹೊರಗೆ ಬಂದ ಜರ್ಮನ್ ಪತ್ರಕರ್ತೆ ನನ್ನ ಕೈ ಕುಲುಕಿದ ತಕ್ಷಣ ಫೋನು ಕೇಳಿದರು. ಕೊಟ್ಟೆ. ಅದನ್ನು ಆಫ್ ಮಾಡಿ, ತಮ್ಮದನ್ನೂ ಆಫ್ ಮಾಡಿ, ಎರಡನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿ ಕಾರಿನ ಡಿಕ್ಕಿಯಲ್ಲಿಟ್ಟರು. “ಇನ್ನು ಹತ್ತು ದಿನ ಕೆಲಸದ ಮಾತಾಡುವಾಗಲೆಲ್ಲ ಹೀಗೇ” ಎಂದರು. ನನಗೆ ಹೆದರಿಕೆ ಶುರುವಾದದ್ದು ಆಗಲೇ. ಅಲ್ಲಿಯವರೆಗೆ ನಾನು ಇದನ್ನು ಮಾಮೂಲಿ ದುಭಾಷಿ ಕೆಲಸ ಅಂದುಕೊಂಡಿದ್ದೆ.

ಅವರನ್ನು ಕರೆಸಿದ್ದು ಒಂದು ರೀತಿಯಲ್ಲಿ ನಾನೇ. ಬರ್ಕ್ಲಿಯಿಂದ ಒಂದು ಗಂಟೆ ದೂರದ ಎವರ್‌ಗ್ರೀನಿನ ಒಂದು ಬಾಡಿಗೆ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಶಾಲೆ ನಡೆಯುತ್ತದೆ. ಮಕ್ಕಳು ಒಳಗೆ ಅ ಆ ಇ ಈ ತಿದ್ದುವಾಗ ತಾಯಂದಿರು ಹೊರಗೆ ಕಾಯುತ್ತೇವೆ. ಬೆಟ್ಟದ ಆಚೆಯ ನಮ್ಮೂರು ಡಬ್ಲಿನ್ನಿನಿಂದ ಮಗನನ್ನು ಕರೆದುಕೊಂಡು ಅಷ್ಟು ದೂರ ಬರುವ ಹುಚ್ಚು ನನಗೊಬ್ಬಳಿಗೇ ಇತ್ತು. ಒಂದು ಭಾನುವಾರ ಉಡುಪಿ ಕಡೆಯ ಒಬ್ಬ ಹೆಂಗಸು ಪಕ್ಕದಲ್ಲಿ ಬಂದು ಕೂತರು. ಅವರ ಮಗಳು ನನ್ನ ಮಗನ ಕ್ಲಾಸಿನಲ್ಲೇ ಇದ್ದಳು.

“ನಿಮ್ಗೆ ಜರ್ಮನ್ ಬರ್ತದಂತೆ, ಹೌದಾ?” ಎಂದು ಕೇಳಿದರು.

“ಹೌದು. ಅದೇ ನನ್ನ ಕೆಲಸ.”

“ಹಾಗಾದ್ರೆ ಒಂದು ಕಾಗ್ದ ಬರ್ದು ಕೊಡ್ಬಹುದಾ? ನನ್ನ ಹೆಸ್ರು ಹಾಕ್ಲಿಕ್ಕಿಲ್ಲ.”

ಆಕೆ ಫ್ರೀಮಾಂಟಿನ ಒಂದು ಕಂಪನಿಯಲ್ಲಿ ಟೆಕ್ನಿಷಿಯನ್. ಮನೆಯ ಗ್ಯಾರೇಜಿನ ಗೋಡೆಗೆ ಹಾಕುವ ದೊಡ್ಡ ಬ್ಯಾಟರಿಗಳನ್ನು ಆ ಕಂಪನಿ ಮಾಡುತ್ತಿತ್ತು. ಬಿಸಿಯಲ್ಲಿಟ್ಟು, ಬೀಳಿಸಿ, ಚುಚ್ಚಿ ಅವುಗಳನ್ನು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಆಕೆಯ ಕೆಲಸ. ಅದೇ ಕಂಪನಿ ಈಗ ಜರ್ಮನಿಯ ಒಂದು ರಾಜ್ಯದಲ್ಲಿ ಕಾರ್ಖಾನೆ ಹಾಕಲು ಹೊರಟಿತ್ತು. ಜಾಗವನ್ನೂ ನೆರವನ್ನೂ ಕೊಡಲು ಅಲ್ಲಿನ ಸರ್ಕಾರ ಸಿದ್ಧವಾಗಿತ್ತು. ಅಲ್ಲಿನ ಒಬ್ಬ ಪತ್ರಕರ್ತೆ ಮಾತ್ರ ಪರೀಕ್ಷೆಯ ಕಡತದ ಬಗ್ಗೆ ಪ್ರಶ್ನೆ ಎತ್ತುತ್ತಿದ್ದರು. ಅವರ ಲೇಖನವನ್ನು ಟೆಕ್ನಿಷಿಯನ್ ಕಂಪ್ಯೂಟರಿನ ಅನುವಾದದಲ್ಲಿ ಓದಿದ್ದರು. ಆ ಪತ್ರಕರ್ತೆಗೆ ನಾನು ಕಾಗದ ಬರೆದುಕೊಟ್ಟೆ. ಆರು ವಾರದ ಮೇಲೆ ಪತ್ರಕರ್ತೆ ನನ್ನ ಕಾರಿನಲ್ಲಿ ಕೂತಿದ್ದರು.

ಸೇತುವೆಯ ಮೇಲೆ ಟ್ರಾಫಿಕ್ಕು ನಿಂತಿತ್ತು. ಮಾತಾಡದೆ ಕೂರುವುದಕ್ಕೆ ಕಷ್ಟವಾಗಿ ನಾನು ಅವರ ಬಗ್ಗೆ ಕೇಳಿದೆ. ಹುಟ್ಟಿದ್ದು ಹೊಲಿಗೆ ಯಂತ್ರದ ಕಾರ್ಖಾನೆ ಇದ್ದ ಊರಿನಲ್ಲಿ. ಅಪ್ಪ ಅಲ್ಲಿ ಫಿಟ್ಟರ್. ಕಾರ್ಖಾನೆ ಬಾಗಿಲು ಹಾಕುವ ಹಿಂದಿನ ವಾರದವರೆಗೂ ಪತ್ರಿಕೆಗಳಲ್ಲಿ ಅದು ಚೆನ್ನಾಗಿ ನಡೆಯುತ್ತಿದೆ ಎಂದೇ ಬರುತ್ತಿತ್ತಂತೆ. “ಸುಳ್ಳು ಬರೆದರು ಅಂತಲ್ಲ. ಕೇಳಲಿಲ್ಲ, ಅಷ್ಟೆ” ಎಂದರು. ಬ್ಯಾಂಕೊಂದರಲ್ಲಿ ತರಬೇತಿ ಪಡೆದು, ಅಲ್ಲಿಂದ ವಾಣಿಜ್ಯ ಪತ್ರಿಕೆಗೆ ಬಂದರು. ಕಂಪನಿಗಳ ವಾರ್ಷಿಕ ವರದಿಯನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುವುದನ್ನು ಅಲ್ಲಿ ಕಲಿತರು. ಮುಚ್ಚಬೇಕಾದ್ದನ್ನು ಸಣ್ಣ ಅಕ್ಷರದಲ್ಲಿ ಕೊನೆಗೇ ಹಾಕಿರುತ್ತಾರಂತೆ. ಮೂರು ಪುಸ್ತಕ ಬರೆದಿದ್ದರು. ಎರಡನೆಯದನ್ನು ಕೋರ್ಟು ಅಂಗಡಿಗಳಿಂದ ವಾಪಸ್ ತೆಗೆಸಿತ್ತು.

“ಯಾಕೆ?”

“ಒಂದು ವಾಕ್ಯಕ್ಕೆ. ಒಬ್ಬ ಮನುಷ್ಯ ಇರದ ಸಭೆಯಲ್ಲಿ ಅವನು ಇದ್ದ ಅಂತ ಬರೆದಿದ್ದೆ. ಉಳಿದ ಮುನ್ನೂರು ಪುಟವೂ ನಿಜ. ಆದರೆ ಆಮೇಲೆ ಅದನ್ನು ಯಾರು ಓದುತ್ತಾರೆ?”

ಅರವತ್ತು ದಾಟಿದ ಮೇಲೆ ಅವರು ರಾಜಕೀಯಕ್ಕೆ ಇಳಿದಿದ್ದರು. ಅವರ ರಾಜ್ಯದ ಬರುವ ವಿಧಾನಸಭೆ ಚುನಾವಣೆಗೆ ವಿರೋಧ ಪಕ್ಷವೊಂದು ತನ್ನ ಪಟ್ಟಿಯಲ್ಲಿ ಅವರಿಗೆ ಮೇಲಿನ ಸ್ಥಾನ ಕೊಟ್ಟಿತ್ತು. ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲಿ ಪಟ್ಟಿಯ ಮೇಲಿನವರು ಮೊದಲು ಒಳಗೆ ಹೋಗುವುದು ಅಲ್ಲಿನ ಕ್ರಮ. ಅಭ್ಯರ್ಥಿಯಾಗಿರುವಾಗಲೇ ಈ ಕಾರ್ಖಾನೆಯ ಬಗ್ಗೆ, ಸರ್ಕಾರದ ವಿರುದ್ಧ, ನಾಲ್ಕನೆಯ ಪುಸ್ತಕ ಬರೆಯುವುದು ಸರಿಯೇ ಎಂದು ಕೇಳಿದೆ.

“ಸರಿಯಲ್ಲ. ಅದಕ್ಕೇ ಇದರಲ್ಲಿ ಒಂದು ಅಲ್ಪವಿರಾಮವೂ ತಪ್ಪಬಾರದು” ಎಂದರು.

ಅವರ ಕೆಲಸದ ಕ್ರಮ ಕಟ್ಟುನಿಟ್ಟು. ಒಂದು ವಾಕ್ಯ ನಿಲ್ಲಬೇಕಾದರೆ ಅದಕ್ಕೆ ಎರಡು ಕಾಲು ಬೇಕು, ಒಂದು ಕಾಗದದ್ದು, ಇನ್ನೊಂದು ಮನುಷ್ಯರದ್ದು ಎನ್ನುತ್ತಿದ್ದರು. ಕಾಗದದ ಕಾಲು ಅವರ ಬಳಿ ಆಗಲೇ ಇತ್ತು. ಕಂಪನಿ ಅಲ್ಲಿನ ಸರ್ಕಾರಕ್ಕೆ ಕೊಟ್ಟ ಕಡತದಲ್ಲಿ ಬಿಸಿಯ ಪರೀಕ್ಷೆಗಳಿಗೆ ಸಾಲಾಗಿ ನಂಬರು ಹಾಕಿದ್ದರು. ಹದಿನಾಲ್ಕಾದ ಮೇಲೆ ಹದಿನೆಂಟು. ನಡುವಿನ ಮೂರು ಇಲ್ಲ. ಯಾಕಿಲ್ಲ, ಯಾರು ತೆಗೆಸಿದರು ಎಂದು ಹೇಳಬಲ್ಲ ಮನುಷ್ಯರು ಬೇಕಿತ್ತು.

ಭೇಟಿಗೆ ಬರ್ಕ್ಲಿಯನ್ನು ಆರಿಸಿದ್ದು ಪತ್ರಕರ್ತೆ. ಕ್ಯಾಂಪಸ್ಸಿನ ಜನಜಂಗುಳಿಯಲ್ಲಿ ಮೂವರು ಹೆಂಗಸರನ್ನು ಯಾರೂ ತಿರುಗಿ ನೋಡುವುದಿಲ್ಲ. ಅವರ ಪರಿಚಯದ ಪ್ರಾಧ್ಯಾಪಕರೊಬ್ಬರು ಲೈಬ್ರರಿಯಲ್ಲಿ ಎರಡು ಗಂಟೆಗೆ ಒಂದು ಸಣ್ಣ ಕೋಣೆ ಕೊಡಿಸಿದ್ದರು. ಟೇಬಲ್ಲಿನ ಮೇಲೆ ಎರಡು ರೆಕಾರ್ಡರು. ಒಂದು ಕೆಟ್ಟರೆ ಇನ್ನೊಂದು ಇರಲೆಂದು.

ಟೆಕ್ನಿಷಿಯನ್ ಬಂದದ್ದು ನಲವತ್ತು ನಿಮಿಷ ತಡವಾಗಿ. “ನಮ್ಮ ಆಫೀಸಿನ ಒಬ್ಬ ಅದೇ ಟ್ರೇನಿಗೆ ಹತ್ತಿದ. ನಡುವೆ ಇಳ್ದು ಬೇರೆ ಟ್ರೇನಿಗೆ ಬಂದೆ” ಎಂದರು. ಕುರ್ಚಿಯ ತುದಿಯಲ್ಲಿ ಕೂತರು. ಪತ್ರಕರ್ತೆ ಇಂಗ್ಲಿಷಿನಲ್ಲಿ ಸ್ವಾಗತಿಸಿದಾಗ ಬಾಯಿ ತೆರೆದು ಮುಚ್ಚಿ ನನ್ನ ಕಡೆ ತಿರುಗಿದರು. “ಕನ್ನಡದಲ್ಲೇ ಹೇಳ್ತೇನೆ ಆಯ್ತಾ? ಹೆದ್ರಿಕೆ ಆದ್ರೆ ನಂಗೆ ಇಂಗ್ಲಿಷ್ ಬರುದಿಲ್ಲ ಮಾರಾಯ್ರೆ.”

ನಾನು ಅವರಿಬ್ಬರ ನಡುವೆ ಸ್ವಲ್ಪ ಹಿಂದೆ ಕೂತು ವಾಕ್ಯದ ಹಿಂದೆ ವಾಕ್ಯವನ್ನು ಮೆಲುದನಿಯಲ್ಲಿ ಜರ್ಮನ್‌ಗೆ ತಿರುಗಿಸುತ್ತ ಹೋದೆ. ಶುರುವಿನಲ್ಲಿ ಚೆನ್ನಾಗಿಯೇ ನಡೆಯಿತು. ಓವನ್ನಿನಂಥ ಪರೀಕ್ಷೆಯ ಕೋಣೆ, ಅದರ ಗಾಜಿನ ಕಿಂಡಿ, ಹದಿನೈದನೆಯ ಸಲ ಬ್ಯಾಟರಿಯ ಸೆಲ್ಲು ಹಪ್ಪಳದಂತೆ ಉಬ್ಬಿದ್ದು, ಹದಿನಾರನೆಯ ಸಲ ಹೊಗೆ ಬಂದದ್ದು, ಎಲ್ಲವನ್ನೂ ಆಕೆ ನೇರವಾಗಿ ಹೇಳಿದರು. ಆಮೇಲೆ ಕಂಪನಿಯ ಸಿಇಓ ಕೂಡ ಆಗಿದ್ದ ಸಂಸ್ಥಾಪಕ ಅಂದು ಬೆಳಿಗ್ಗೆ ಲ್ಯಾಬಿಗೆ ಬಂದ ಕತೆಗೆ ಬಂದರು.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಟೆಕ್ನಿಷಿಯನ್ ಎದ್ದೇಬಿಟ್ಟರು. ಕುರ್ಚಿ ಹಿಂದಕ್ಕೆ ಬಿತ್ತು. ಬಾಗಿಲು ತೆಗೆದರೆ ಇಬ್ಬರು ವಿದ್ಯಾರ್ಥಿನಿಯರು. ನಾಲ್ಕು ಗಂಟೆಯಿಂದ ಕೋಣೆ ತಮಗೆ ಬುಕ್ ಆಗಿದೆ, ಈಗಲೇ ಬರಬಹುದೇ ಎಂದು ಕೇಳುವುದಕ್ಕೆ ಬಂದಿದ್ದರು. ಅವರನ್ನು ಕಳಿಸಿ, ಕುರ್ಚಿ ಎತ್ತಿ, ನೀರು ಕುಡಿಸಿ ಮತ್ತೆ ಶುರು ಮಾಡಿದೆವು. ಉಳಿದ ಇಪ್ಪತ್ತು ನಿಮಿಷ ನಾನು ಕೇಳಿದ್ದು ಟೆಕ್ನಿಷಿಯನ್ನರ ಮಾತನ್ನೋ ಕಾರಿಡಾರಿನ ಹೆಜ್ಜೆಗಳನ್ನೋ ಈಗಲೂ ಹೇಳಲಾರೆ. ಬಾಯಿ ಮಾತ್ರ ತಾನಾಗಿ ಅನುವಾದ ಮಾಡುತ್ತಿತ್ತು.

ಹೊರಡುವಾಗ ಪತ್ರಕರ್ತೆ ಎರಡು ಮಾತು ಹೇಳಿದರು. ಇನ್ನು ಯಾರೂ ಆಕೆಗೆ ಫೋನಾಗಲಿ ಮೆಸೇಜಾಗಲಿ ಮಾಡಬಾರದು. ಆಕೆಯೇ ಬಯಸಿದರೆ ಭಾನುವಾರದ ಕನ್ನಡ ಶಾಲೆಯಲ್ಲಿ ಬಾಯಿಮಾತಿನಲ್ಲಿ ನನಗೆ ಹೇಳಬಹುದು.

ಪತ್ರಕರ್ತೆ ಊರಿಗೆ ಮರಳಿದರು. ಮರುದಿನ ಭಾನುವಾರ ಕನ್ನಡ ಶಾಲೆಗೆ ಟೆಕ್ನಿಷಿಯನ್ ಬರಲಿಲ್ಲ, ಮಗಳೂ ಬರಲಿಲ್ಲ. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ನೋಡಿದರೆ ಆಕೆಯ ನಂಬರು ಗ್ರೂಪು ಬಿಟ್ಟು ಹೋಗಿತ್ತು. ಕಾಫಿ ಲೋಟ ಹಿಡಿದು ಪಾರ್ಕಿಂಗ್ ಲಾಟಿನಲ್ಲಿ ನಿಂತು ಬಂದ ಪ್ರತಿಯೊಂದು ಕಾರನ್ನೂ ನೋಡಿದೆ. ಸಿಕ್ಕಿಬಿದ್ದರು ಎಂದುಕೊಂಡೆ. ವಿಚಾರಿಸುವ ಹಾಗಿಲ್ಲ. ಆಕೆಯ ವೀಸಾ ಕಂಪನಿಯ ಕೈಯಲ್ಲಿತ್ತು. ಕೆಲಸ ಹೋದರೆ ಎರಡೇ ತಿಂಗಳಲ್ಲಿ ಸಂಸಾರ ಸಮೇತ ದೇಶ ಬಿಡಬೇಕು. ನನ್ನ ಗಂಡನೂ ಅಂದೇ ಕೇಳಿದ, “ನಮ್ಮ ಗ್ರೀನ್ ಕಾರ್ಡ್ ಫೈಲು ಇನ್ನೂ ಪೆಂಡಿಂಗ್ ಇದೆ, ಗೊತ್ತಲ್ಲ? ನಿನ್ನ ಹೆಸರು ಎಲ್ಲಾದ್ರೂ ಬರತ್ತಾ?” ಬರುವುದಿಲ್ಲ ಎಂದೆ. ನನಗೆ ಖಾತ್ರಿ ಇರಲಿಲ್ಲ.

ಆ ವಾರ ಪತ್ರಕರ್ತೆಯ ಪುಸ್ತಕದ ಒಂದು ಅಧ್ಯಾಯ ಅಲ್ಲಿನ ವಾರಪತ್ರಿಕೆಯೊಂದರಲ್ಲಿ ಬರುವುದೆಂದು ಗೊತ್ತಾಯಿತು. ಕಾರ್ಖಾನೆಯ ಬಗ್ಗೆ ಮಂತ್ರಿಮಂಡಲ ತೀರ್ಮಾನ ಮಾಡುವುದು ಅದರ ಮುಂದಿನ ಮಂಗಳವಾರ. ಪತ್ರಿಕೆ ಅಚ್ಚಿಗೆ ಹೋಗುವುದು ಶುಕ್ರವಾರ. ಅದಕ್ಕೂ ಮೊದಲು, ಗುರುವಾರ ಸಂಜೆ ಅವರ ಆರು ಗಂಟೆಗೆ, ಅಂದರೆ ನಮ್ಮ ಬೆಳಿಗ್ಗೆ ಒಂಬತ್ತಕ್ಕೆ, ಪ್ರಶ್ನೆಗಳ ಪಟ್ಟಿ ಉತ್ತರಕ್ಕಾಗಿ ಕಂಪನಿಗೆ ಹೋಗಬೇಕಿತ್ತು. ಅಧ್ಯಾಯದಲ್ಲಿ ಟೆಕ್ನಿಷಿಯನ್ನರ ಮಾತನ್ನು ನೆಚ್ಚಿದ ಮೂವತ್ತೊಂದು ವಾಕ್ಯಗಳಿದ್ದವು. ಒಂದೊಂದಕ್ಕೂ ಅಂಚಿನಲ್ಲಿ ರೆಕಾರ್ಡಿಂಗಿನ ನಿಮಿಷ, ಸೆಕೆಂಡು. ಪ್ರತಿಯೊಂದನ್ನೂ ಮತ್ತೊಮ್ಮೆ ಕೇಳಿ, ಸರಿಯಿದ್ದರೆ ಪಕ್ಕದಲ್ಲಿ ಗುರುತು ಹಾಕುವುದು ನನ್ನ ಕೊನೆಯ ಕೆಲಸ.

ಗುರುವಾರ ಬೆಳಿಗ್ಗೆ ಆರೂವರೆಗೆ ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು ಉಳಿದ ಒಂಬತ್ತನ್ನು ಶುರು ಮಾಡಿದೆ. ಗಂಡ ಮಗನ ಲಂಚ್ ಬಾಕ್ಸ್ ಕಟ್ಟುತ್ತಿದ್ದ.

ಇಪ್ಪತ್ತಮೂರನೆಯ ವಾಕ್ಯ ಅಧ್ಯಾಯದ ಬೆನ್ನೆಲುಬು. ಮೂರು ಪರೀಕ್ಷೆಗಳನ್ನು ಕೈಬಿಡಿ ಎಂದು ಸಂಸ್ಥಾಪಕ ತಾನೇ ಲ್ಯಾಬಿನಲ್ಲಿ ನಿಂತು ಹೇಳಿದ ಎಂಬ ವಾಕ್ಯ. ತಲೆಬರಹದಲ್ಲೂ ಅವನ ಹೆಸರೇ. ಹೆಡ್‌ಫೋನಿನಲ್ಲಿ ಟೆಕ್ನಿಷಿಯನ್ನರ ದನಿ ಬಂತು.

“ಬೆಳಿಗ್ಗೆ ಸಿಇಓ ಬಂದಿದ್ರು. ಗಾಜಿನಲ್ಲಿ ನೋಡಿದ್ರು.” ಬಾಗಿಲು ಬಡಿದ ಸದ್ದು. ಕುರ್ಚಿ ಬಿದ್ದ ಸದ್ದು. ನಾಲ್ಕು ನಿಮಿಷ ಗದ್ದಲ. ಆಮೇಲೆ ಮತ್ತೆ ಆಕೆ. “ಎಲ್ಲಿದ್ದೆ ನಾನು? ಹಾಂ. ಲ್ಯಾಬಿನಲ್ಲಿ ನಾವು ನಾಲ್ಕು ಜನ. ಮತ್ತೆ ಅವ್ರು ಹೇಳಿದ್ರು, ಈ ಮೂರು ಟೆಸ್ಟ್ ರನ್ನು ಬೇಡ, ಹದಿನೆಂಟರಿಂದ ಹಿಡ್ಕೊಳ್ಳಿ ಅಂತ. ಮತ್ತೆ ಅದನ್ನು ತೆಗ್ದದ್ದು.”

ಅದರ ಹಿಂದೆಯೇ ನನ್ನ ಮೆಲುದನಿ, ಜರ್ಮನ್‌ನಲ್ಲಿ: ‘ಎರ್’ ಹೇಳಿದ. ಎರ್ ಎಂದರೆ ಅವನು. ಒಬ್ಬನೇ. ಗಂಡಸು.

ಹೆಡ್‌ಫೋನು ತೆಗೆದು ಟೇಬಲ್ಲಿನ ಮೇಲಿಟ್ಟೆ. ಅವ್ರು ಅಂದರೆ ಯಾರು? ಗೌರವಕ್ಕೆ ಹೇಳಿದ ಒಬ್ಬರೋ? ಹಲವರೋ? ಗಂಡಸೋ ಹೆಂಗಸೋ? ಹುಟ್ಟಿದಾಗಿನಿಂದ ಆಡಿದ ಮಾತು. ನಾನು ಅದರ ಮುಂದೆ ಪರಭಾಷೆಯವಳಂತೆ ಕೂತಿದ್ದೆ. ಬಾಗಿಲು ಬಡಿಯುವ ಮೊದಲು ಸಂಸ್ಥಾಪಕನ ಮಾತಿತ್ತು. ಆದ್ದರಿಂದ ಹೆದರಿದ ನನ್ನ ತಲೆ ಸಂಸ್ಥಾಪಕನನ್ನೇ ಹಿಡಿದುಕೊಂಡು ಮುಂದೆ ಹೋಗಿತ್ತು. ಆದರೆ ಆಕೆ ಮಾತನ್ನು ಹೊಸದಾಗಿ ಶುರು ಮಾಡಿದ್ದು ಲ್ಯಾಬಿನಿಂದ, ನಾಲ್ಕು ಜನರಿಂದ. ಜರ್ಮನ್‌ನಲ್ಲಿ ‘ಜೀ’ ಎಂಬ ಪದವಿದೆ. ಅವಳು ಎಂದೂ ಆಗುತ್ತದೆ, ಅವರು ಎಂದೂ ಆಗುತ್ತದೆ. ಅದು ಬಾಯಿಗೆ ಬಂದಿದ್ದರೂ ಅರ್ಧ ಉಳಿಯುತ್ತಿದ್ದೆ.

ಇನ್ನೊಂದು ವಿಷಯವೂ ಆಗ ಕಿವಿಗೆ ಬಿತ್ತು. ಅಲ್ಲಿಯವರೆಗೆ ಆಕೆ ನೋಡಿದೆ, ಬರೆದೆ, ಅಳೆದೆ ಎಂದೇ ಹೇಳುತ್ತ ಬಂದಿದ್ದರು. ಅಲ್ಲಿ ಮಾತ್ರ ‘ತೆಗ್ದದ್ದು’. ಕರಾವಳಿಯವರು ಹಾಗೆ ಹೇಳುವುದುಂಟು. ಆದರೆ ತೆಗೆದದ್ದು ಯಾರು ಎಂಬುದು ಆ ಮಾತಿನಲ್ಲಿ ಇಲ್ಲ.

“ಏನಾಯ್ತು? ಮುಖ ಯಾಕೆ ಹಾಗಾಗಿದೆ?” ಎಂದು ಗಂಡ ಕೇಳಿದ.

“ತಪ್ಪು ಮಾಡಿದೀನಿ. ಅವರ ಇಡೀ ಚಾಪ್ಟರ್ ಅದರ ಮೇಲೆ ನಿಂತಿದೆ.”

“ಬೇರೆ ಯಾರಾದ್ರೂ ಕಂಡುಹಿಡೀತಾರಾ?”

ಇಲ್ಲ. ಅದೇ ಹೆದರಿಕೆಯ ತಳ. ನಮ್ಮ ಮೂವರಲ್ಲಿ ಎರಡೂ ಭಾಷೆ ಬರುತ್ತಿದ್ದದ್ದು ನನಗೊಬ್ಬಳಿಗೆ. ಇಪ್ಪತ್ತಮೂರರ ಪಕ್ಕದಲ್ಲಿ ಒಂದು ಗುರುತು ಹಾಕಿದರೆ ಮುಗಿಯಿತು. ಸಂಸ್ಥಾಪಕನೇ ಹೇಳಿರಲೂಬಹುದಲ್ಲ? ಪೆನ್ನು ಕೈಯಲ್ಲಿತ್ತು. ಗುರುತು ಹಾಕಿಯೂ ಬಿಟ್ಟೆ. ಎಷ್ಟು ಹೊತ್ತು ಅದನ್ನು ನೋಡುತ್ತ ಕೂತಿದ್ದೆನೋ. ಆಮೇಲೆ ಗೀಚಿ ಹೊಡೆದು ಕಾರಿನ ಕೀ ತೆಗೆದುಕೊಂಡೆ.

“ಇವನನ್ನ ಸ್ಕೂಲಿಗೆ ನಾನೇ ಡ್ರಾಪ್ ಮಾಡ್ತೀನಿ. ನೀನು ಎಲ್ಲಿಗೆ?” ಎಂದ ಗಂಡ. ಅಷ್ಟರಲ್ಲಿ ನಾನು ಬಾಗಿಲು ದಾಟಿದ್ದೆ.

ಟೆಕ್ನಿಷಿಯನ್ನರನ್ನೇ ಕೇಳಿಬಿಡೋಣ ಎಂದು ಹೊರಟಿದ್ದೆ. ಬೆಟ್ಟದ ಇಳಿಜಾರಿನ ಫ್ರೀವೇಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ತೆವಳುತ್ತಿದ್ದವು. ಏಳೂಕಾಲಿಗೆ ಫ್ರೀಮಾಂಟಿನಲ್ಲಿ ಅವರ ಕಂಪನಿಯ ಎದುರಿನ ರಸ್ತೆಯಲ್ಲಿ ನಿಲ್ಲಿಸಿದೆ. ಗಾಜಿನ ಕಟ್ಟಡ, ಗೇಟು, ಗೇಟಿನಲ್ಲಿ ಗಾರ್ಡು. ನೀಲಿ ಕಾರೊಂದು ಕಾಣಿಸಿತು, ಹಿಂದಿನ ಗಾಜಿಗೆ ಮಗು ಅಂಟಿಸಿದ ಚಿಟ್ಟೆಯ ಸ್ಟಿಕ್ಕರು. ಆಕೆಯದೇ. ಅಂದರೆ ಕೆಲಸಕ್ಕೆ ಬರುತ್ತಿದ್ದಾರೆ, ಸಿಕ್ಕಿಬಿದ್ದಿಲ್ಲ.

ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟೆ. ಗಾರ್ಡು ನನ್ನನ್ನೇ ನೋಡುತ್ತಿದ್ದ. ಅವನ ತಲೆಯ ಮೇಲಿನ ಕಂಬದಲ್ಲಿ ಕ್ಯಾಮೆರಾ. ಇನ್ನೆರಡು ಗಂಟೆಗೆ ಈ ಕಂಪನಿಗೆ ಲ್ಯಾಬಿನ ಒಳಗಿನ ವಿಷಯ ಕೇಳುವ ಪ್ರಶ್ನೆ ಬರುತ್ತದೆ. ಯಾರು ಬಾಯಿ ಬಿಟ್ಟರು ಎಂದು ಹುಡುಕುವವರು ಮೊದಲು ನೋಡುವುದು ಇದೇ ಬೆಳಗಿನ ಚಿತ್ರವನ್ನು. ಅದರಲ್ಲಿ ಜರ್ಮನ್ ದುಭಾಷಿಯೊಬ್ಬಳು ಗೇಟಿನ ಮುಂದೆ ನಿಂತು ಲ್ಯಾಬಿನವಳೊಡನೆ ಮಾತಾಡುತ್ತಿರುತ್ತಾಳೆ. ನನ್ನ ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಆಕೆಯನ್ನು ಬಲಿ ಕೊಡಲು ಬಂದಿದ್ದೆ. ಕಾಲು ಒಳಗೆ ತೆಗೆದುಕೊಂಡೆ. ಕಾರು ಶುರು ಮಾಡಿ ಅಲ್ಲಿಂದ ಹೊರಟೆ.

ಎರಡು ಮೈಲಿ ಆಚೆ ಒಂದು ಇಂಡಿಯನ್ ಗ್ರೋಸರಿ ಅಂಗಡಿಯ ಮುಂದೆ ನಿಲ್ಲಿಸಿ ಪತ್ರಕರ್ತೆಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ನಾಲ್ಕೂವರೆ. ಪಕ್ಷದ ಸಭೆಗೆಂದು ಅವರು ರೈಲಿನಲ್ಲಿ ಹೋಗುತ್ತಿದ್ದರು.

“ಇಪ್ಪತ್ತಮೂರನೆಯ ವಾಕ್ಯ ನಿಲ್ಲುವುದಿಲ್ಲ” ಎಂದೆ. ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ.

“ಆಕೆಯ ಮಾತನ್ನು ನಿಮ್ಮ ಭಾಷೆಯಲ್ಲೇ ಹೇಳಿ” ಎಂದರು.

ಹೇಳಿದೆ.

“ಇನ್ನೊಮ್ಮೆ, ನಿಧಾನಕ್ಕೆ. ಆ ಪದ ಯಾವುದು?”

“ಅವ್ರು.”

“ಒಬ್ಬರೋ, ಹಲವರೋ?”

“ಹೇಳುವುದಕ್ಕೆ ಆಗುವುದಿಲ್ಲ.”

“ಗಂಡೋ, ಹೆಣ್ಣೋ?”

“ಅದೂ ಆಗುವುದಿಲ್ಲ.”

“ಮತ್ತೆ ನೀವು ಹೇಗೆ ಹೇಳಿದಿರಿ?” ದನಿ ಚೂರಿಯ ಹಾಗಿತ್ತು. “ನಾನು ನಿಮಗೆ ಸೇತುವೆಯ ಮೇಲೆ ಏನು ಹೇಳಿದ್ದೆ? ಒಂದು ವಾಕ್ಯದಿಂದ ನನಗೇನಾಯಿತು ಅಂತ ಹೇಳಿದ್ದೆನೋ ಇಲ್ಲವೋ?”

“ಹೇಳಿದ್ದಿರಿ.”

“ಬಾಗಿಲು ಬಡಿದದ್ದನ್ನು ನಾನೂ ಕೇಳಿದ್ದೇನೆ. ಹೆದರಿದ್ದರೆ, ನಿಲ್ಲಿಸಿ ಅನ್ನಬಹುದಿತ್ತಲ್ಲ?”

ಅನ್ನಬಹುದಿತ್ತು. ಮುಂದಿನ ನಿಲ್ದಾಣದಲ್ಲಿ ಇಳಿಯುತ್ತೇನೆ ಎಂದು ಅವರು ಫೋನು ಇಟ್ಟರು.

ಅಂಗಡಿಯವನು ಷಟರು ಎತ್ತಿ ಕೊತ್ತಂಬರಿಯ ಕ್ರೇಟುಗಳನ್ನು ಇಳಿಸಿಕೊಳ್ಳುವುದನ್ನು ನೋಡುತ್ತ ಕೂತೆ. ಕೋರ್ಟು, ನೋಟಿಸು, ನನ್ನ ಹೆಸರು, ಗಂಡನ ಫೈಲು ಎಲ್ಲವೂ ಕಣ್ಣ ಮುಂದೆ ಬಂತು. ಆ ಹೆಂಗಸು ನನ್ನ ಕೈಯಲ್ಲಿ ಕಾಗದ ಬರೆಸದೆ ಇದ್ದಿದ್ದರೆ ಎಂದು ಅನಿಸಿ, ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಇಪ್ಪತ್ತೈದು ನಿಮಿಷದ ಮೇಲೆ ಅವರೇ ಫೋನ್ ಮಾಡಿದರು. ಹಿಂದೆ ರೈಲು ನಿಲ್ದಾಣದ ಪ್ರಕಟಣೆ ಕೇಳಿಸುತ್ತಿತ್ತು. ಸಂಪಾದಕರ ಜೊತೆ ಮಾತಾಡಿದೆ ಎಂದರು. ‘ಎಂದು ಹೇಳಲಾಗಿದೆ’ ಎಂದು ಸೇರಿಸಿ ಹಾಗೇ ಹಾಕೋಣ, ಕಂಪನಿ ಬೇಕಾದರೆ ಅಲ್ಲಗಳೆಯಲಿ ಎಂದು ಸಂಪಾದಕರ ಸಲಹೆ. ಪಕ್ಷದವರಿಗೂ ಶುಕ್ರವಾರದ ಸಂಚಿಕೆಯೇ ಬೇಕು.

“ನೀವು ಏನಂದಿರಿ?”

“ಯಾರು ಅಂತ ನನಗೆ ಗೊತ್ತಿಲ್ಲ ಅಂದೆ. ಗೊತ್ತಿಲ್ಲದ್ದನ್ನು ‘ಹೇಳಲಾಗಿದೆ’ ಅಂತ ಬರೆದರೆ ಗೊತ್ತಾದ ಹಾಗಾಗುವುದಿಲ್ಲ. ಪ್ರಶ್ನೆಗಳು ಹೋಗುವುದಿಲ್ಲ. ಅಧ್ಯಾಯ ವಾಪಸ್ ತೆಗೆದುಕೊಂಡೆ.” ಆಮೇಲೆ ಹೇಳಿದರು, “ಆ ಪುಸ್ತಕದ ಸಲ, ಅವನು ಸಭೆಯಲ್ಲಿ ಇರಲಿಲ್ಲ ಅನ್ನುವುದು ಒಬ್ಬರಿಗೆ ಗೊತ್ತಿತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದವರು. ಆಗ ನನಗೆ ಯಾರೂ ಫೋನ್ ಮಾಡಲಿಲ್ಲ.”

ಅಷ್ಟೇ. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಸಭೆಗೆ ತಡವಾಯಿತೆಂದು ಫೋನು ಇಟ್ಟರು. ಅಧ್ಯಾಯ ವಾಪಸ್ ತೆಗೆದುಕೊಂಡದ್ದರ ಬೆಲೆ ಏನೆಂದು ಮುಂದಿನ ವಾರ ಗೊತ್ತಾಯಿತು. ಮಂಗಳವಾರ ಮಂತ್ರಿಮಂಡಲ ಕಾರ್ಖಾನೆಗೆ ಒಪ್ಪಿಗೆ ಕೊಟ್ಟಿತು. ಕೊನೆಯ ಗಳಿಗೆಯಲ್ಲಿ ಕೈಕೊಟ್ಟರೆಂದು ಪಕ್ಷ ಅವರನ್ನು ಪಟ್ಟಿಯಲ್ಲಿ ಆರು ಸ್ಥಾನ ಕೆಳಗೆ ಇಳಿಸಿತು.

ಆ ಮಂಗಳವಾರಕ್ಕೆ ಮೊದಲಿನ ಭಾನುವಾರ ಟೆಕ್ನಿಷಿಯನ್ ಕನ್ನಡ ಶಾಲೆಗೆ ಬಂದರು. ಹಿಂದಿನ ವಾರ ಮಗಳಿಗೆ ಜ್ವರವಿತ್ತಂತೆ. ಹೊಸ ಫೋನು ತೆಗೆದುಕೊಂಡು ನಂಬರು ಬದಲಿಸಿದ್ದರಂತೆ. ನಾಲ್ಕು ದಿನ ನನ್ನನ್ನು ತಿಂದ ಭಯಕ್ಕೆ ಇಷ್ಟೇ ಕಾರಣ. ಹಾಲಿನ ಹಿಂದಿನ ಮೆಟ್ಟಿಲ ಮೇಲೆ ಕೂತು ನನ್ನ ತಪ್ಪನ್ನು ಹೇಳಿದೆ. ಆಕೆ ಕೇಳುತ್ತ ಕೇಳುತ್ತ ಎದ್ದು ನಿಂತರು.

“ಸಿಇಓ ಎಂತ ಹೇಳ್ಲಿಲ್ಲ! ಅವ್ರು ಗಾಜಿನಲ್ಲಿ ನೋಡಿದ್ರು, ಫೋನ್ ಬಂತು, ಹೋದ್ರು. ನೀವು ಹಾಗೆ ಹೇಗೆ ಹೇಳಿದ್ರಿ? ನಾನು ಹೇಳದ್ದನ್ನು ನನ್ನ ಬಾಯಿಗೆ ಹಾಕಿದ್ರಲ್ಲ?”

“ತಪ್ಪಾಯ್ತು.”

“ಅದು ಪೇಪರಿನಲ್ಲಿ ಬಂದಿದ್ರೆ ನನ್ನ ಗತಿ ಎಂತ ಆಗ್ತಿತ್ತು ಗೊತ್ತುಂಟಾ?”

“ಹಾಗಾದ್ರೆ ‘ಅವ್ರು’ ಅಂದಿದ್ದು ಯಾರಿಗೆ?”

“ನಮ್ಮ ಲ್ಯಾಬಿನ ಮ್ಯಾಡಮ್‌ಗೆ.”

ಒಳಗೆ ಮಕ್ಕಳು ಒಟ್ಟಿಗೆ ಕಾಗುಣಿತ ಹೇಳುತ್ತಿದ್ದರು. ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಲು ಧೈರ್ಯ ಬರಲಿಲ್ಲ. ಕೇಳದೆ ಇರುವುದಕ್ಕೂ ಆಗಲಿಲ್ಲ.

“ತೆಗೆದದ್ದು?”

ಆಕೆ ಮತ್ತೆ ಮೆಟ್ಟಿಲ ಮೇಲೆ ಕೂತರು. ಚೂಡಿದಾರದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ಕಂಪ್ಯೂಟರಿನ ಮುಂದೆ ಕೂತದ್ದು ನಾನಲ್ವಾ? ಲಾಗಿನ್ ನಂದು. ಮ್ಯಾಡಮ್ ಹಿಂದೆ ನಿಂತು ಹೇಳಿದ್ರು. ನಾನು ತೆಗ್ದೆ. ಮೂರೂ ನಾನೇ ತೆಗ್ದೆ.” ಅಳಲಿಲ್ಲ. “ಆ ಬ್ಯಾಟ್ರಿ ಯಾರ್ಯಾರ ಮನೇಲಿ ಉಂಟೋ ಏನೋ. ಮಗು ಮಲಗಿದ ಮೇಲೆ ಅದೇ ನೆನಪಾಗುದು. ಅದಕ್ಕೇ ನಿಮ್ಮತ್ರ ಬಂದದ್ದು. ಬಂದು ಸಹ ಪೂರ್ತಿ ಹೇಳ್ಲಿಕ್ಕೆ ಆಗ್ಲಿಲ್ಲ.”

ಆಗ ನನಗೆ ಎಲ್ಲವೂ ಹೊಳೆಯಿತು. ಸಂಸ್ಥಾಪಕನೇ ಹೇಳಿದ ಎಂದು ಅಚ್ಚಾಗಿದ್ದರೆ ಕಂಪನಿ ಅದು ಸುಳ್ಳೆಂದು ಒಂದೇ ದಿನದಲ್ಲಿ ತೋರಿಸುತ್ತಿತ್ತು. ಮರುದಿನ ಪರೀಕ್ಷೆ ತೆಗೆದುಹಾಕಿದ ಲಾಗಿನ್ ಯಾರದೆಂದು ಹೇಳುತ್ತಿತ್ತು. ಎಲ್ಲ ಪಾಪವೂ ಈ ಹೆಂಗಸಿನ ತಲೆಯ ಮೇಲೆ. ಅವತ್ತು ಗೇಟಿನ ಮುಂದೆ ಕಾರಿನಿಂದ ಇಳಿದಿದ್ದರೆ, ಅಥವಾ ಆ ಗುರುತನ್ನು ಹಾಗೇ ಬಿಟ್ಟಿದ್ದರೆ, ಎಂದು ನೆನೆದುಕೊಂಡೆ.

ಆಕೆಯ ಒಪ್ಪಿಗೆ ಪಡೆದು ಪತ್ರಕರ್ತೆಗೆ ತಿಳಿಸಿದೆ. ಅವರು ಮಾಡಿದ ಮೊದಲ ಕೆಲಸ ಪುಸ್ತಕದ್ದಲ್ಲ. ಇಂಥ ಪ್ರಕರಣ ನಡೆಸಿ ಗೊತ್ತಿದ್ದ ಇಲ್ಲಿನ ವಕೀಲೆಯೊಬ್ಬರನ್ನು ವಿಚಾರಿಸಿ ಗೊತ್ತುಮಾಡಿದರು. ಟೆಕ್ನಿಷಿಯನ್ ತಾನೇ ಹೋಗಿ ಇಲ್ಲಿನ ಸರ್ಕಾರದ ಸುರಕ್ಷತಾ ಕಚೇರಿಗೆ ನಡೆದದ್ದನ್ನು ಹೇಳುವುದು, ಅಲ್ಲಿಯವರೆಗೆ ಎಲ್ಲೂ ಏನೂ ಬರೆಯದೆ ಇರುವುದು ಎಂದು ತೀರ್ಮಾನವಾಯಿತು. ವಕೀಲೆಯ ಸಲಹೆಯಂತೆ ಆಕೆ ಮೊದಲು ಬೇರೆ ಕಂಪನಿಗೆ ಕೆಲಸ ಮತ್ತು ವೀಸಾ ಎರಡನ್ನೂ ಬದಲಿಸಿಕೊಂಡರು. ಅದಕ್ಕೇ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ಚುನಾವಣೆ ನಡೆದು ಪತ್ರಕರ್ತೆ ಪಟ್ಟಿಯಲ್ಲಿ ಎರಡೇ ಸ್ಥಾನ ಹಿಂದಾಗಿ ಸೋತರು. ಪುಸ್ತಕ ಇನ್ನೂ ಬಂದಿರಲಿಲ್ಲ. ಸೋತ ಮರುದಿನ ನಾನು ಬರೆದ ಕಾಗದಕ್ಕೆ ಉತ್ತರವಾಗಿ ಒಂದೇ ಸಾಲು ಬಂತು: ಆಕೆ ಹೇಗಿದ್ದಾರೆ?

ಓಕ್‌ಲ್ಯಾಂಡಿನ ಆ ಸುರಕ್ಷತಾ ಕಚೇರಿಗೆ ಆಕೆಯನ್ನು ಕರೆದುಕೊಂಡು ಹೋದದ್ದು ನಾನು. ಸ್ಟೀರಿಂಗ್ ಹಿಡಿಯಲು ತನ್ನ ಕೈಯ ಮೇಲೆ ನಂಬಿಕೆ ಇಲ್ಲ ಎಂದಿದ್ದರು. ಅಲ್ಲಿ ಕಚೇರಿಯದೇ ದುಭಾಷಿ ಇದ್ದರು. ನನಗೆ ಒಳಗೆ ಪ್ರವೇಶವಿರಲಿಲ್ಲ. ವಕೀಲೆ ಬಂದು ಆಕೆಯ ಭುಜ ಮುಟ್ಟಿ ಲಿಫ್ಟಿನ ಕಡೆ ಕರೆದೊಯ್ದರು. ಬಾಗಿಲು ಮುಚ್ಚುವಾಗ ಆಕೆ ನನ್ನನ್ನು ನೋಡಲಿಲ್ಲ.

ಎರಡು ಗಂಟೆ ನಲವತ್ತು ನಿಮಿಷ ಕೆಳಗಿನ ಬೆಂಚಿನಲ್ಲಿ ಕೂತಿದ್ದೆ. ಪುಸ್ತಕ ತೆರೆದರೆ ಅಕ್ಷರ ಹತ್ತಲಿಲ್ಲ. ಪ್ರತಿ ಸಲ ಲಿಫ್ಟು ಟಿಂಗ್ ಎಂದಾಗ ತಲೆ ಎತ್ತಿ ನೋಡಿದೆ. ಆಕೆ ಮತ್ತೆ ‘ತೆಗ್ದದ್ದು’ ಎಂದುಬಿಟ್ಟರೆ? ಆ ದುಭಾಷಿಯೂ ನನ್ನಂತೆ ತನಗೆ ತೋಚಿದವರನ್ನು ಅಲ್ಲಿ ತುಂಬಿಬಿಟ್ಟರೆ? ಎದ್ದು ಹೋಗಿ ಬಾಗಿಲು ಬಡಿಯಬೇಕು ಅನ್ನಿಸುತ್ತಿತ್ತು.

ಕೊನೆಗೆ ಆಕೆ ಒಬ್ಬರೇ ಇಳಿದು ಬಂದರು. ಕೂದಲು ಕೆದರಿತ್ತು. ಬ್ಯಾಗು ಭುಜದಿಂದ ಜಾರಿ ಮೊಣಕೈಗೆ ಬಂದಿತ್ತು.

“ಹೇಳಿದ್ರಾ?”

“ಹೇಳಿದೆ.”

ಗಾಜಿನ ಬಾಗಿಲು ತಳ್ಳಿಕೊಂಡು ಇಬ್ಬರೂ ಬಿಸಿಲಿಗೆ ಬಂದೆವು. ಆಕೆ ರಸ್ತೆಯ ಆಚೆ ಈಚೆ ನೋಡಿದರು. ಯಾರಾದರೂ ಹಿಂದೆ ಬರುತ್ತಿದ್ದಾರೋ ಎಂದು ನೋಡುತ್ತಿರಬೇಕು ಅಂದುಕೊಂಡು ನಾನೂ ತಿರುಗಿ ನೋಡಿದೆ.

“ಇಲ್ಲಿ ಎಲ್ಲಾದ್ರೂ ಎಂತಾದ್ರೂ ತಿನ್ಲಿಕ್ಕೆ ಸಿಕ್ತದಾ?” ಎಂದರು. “ಭಯಂಕರ ಹಸಿವಾಗ್ತಾ ಉಂಟು ಮಾರಾಯ್ರೆ.”